ದುಡಿಯುತ್ತಲೇ ಕಲಿಯುವುದು: ನಿನ್ನೆಯ ಕೆಲಸವನ್ನೇ ಪ್ರಶ್ನೆಪತ್ರಿಕೆ ಮಾಡಿಕೊಳ್ಳಿ

ಪ್ರಶ್ನೆ: ನಾನು ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಪ್ರಯಾಣವೂ ಸೇರಿ ದಿನಕ್ಕೆ 11 ಗಂಟೆ ಮನೆಯಿಂದ ಹೊರಗಿರುತ್ತೇನೆ. ಎಕ್ಸೆಲ್ ಚೆನ್ನಾಗಿ ಬರುತ್ತದೆ. ಡೇಟಾಬೇಸ್‌ನಿಂದ ಮಾಹಿತಿ ಕೇಳಿ ತೆಗೆಯುವ ಭಾಷೆಯಾದ ಎಸ್‌ಕ್ಯೂಎಲ್ ಕಲಿತು ಡೇಟಾ ವಿಶ್ಲೇಷಣೆಯ ಕಡೆ ಹೋಗಬೇಕೆಂಬ ಆಸೆ. ಒಂದೂವರೆ ವರ್ಷದಲ್ಲಿ ಮೂರು ಆನ್‌ಲೈನ್ ಕೋರ್ಸ್ ಕೊಂಡೆ, ಮೂರೂ ಅರ್ಧಕ್ಕೆ ನಿಂತಿವೆ. ರಾತ್ರಿ ಊಟವಾದ ಮೇಲೆ ವಿಡಿಯೊ ಹಾಕಿಕೊಂಡರೆ ಕಣ್ಣು ಎಳೆಯುತ್ತದೆ. ನೋಡಿದ್ದಷ್ಟೂ ಮುಂದಿನ ವಾರಕ್ಕೆ ನೆನಪಿರುವುದಿಲ್ಲ. ಕೆಲಸ ಬಿಡದೆ ಕಲಿಯಲು ಬೇರೆ ಏನಾದರೂ ಉಪಾಯ ಇದೆಯೆ? ಮೊದಲು ಆ ಮೂರು ಕೋರ್ಸ್ ಮುಗಿಸಲೇಬೇಕೆ?

ಉತ್ತರ: ಉಪಾಯ ಇದೆ. ಆದರೆ ಹೆಚ್ಚುವರಿ ಸಮಯ ಹುಡುಕಿಕೊಡುತ್ತೇವೆ ಎಂದು ಕಾಯಬೇಡಿ. ನಿಮ್ಮ ದಿನದಲ್ಲಿ ಆ ಸಮಯ ಇಲ್ಲ. ಇದ್ದಿದ್ದರೆ ಮೂರರಲ್ಲಿ ಒಂದು ಕೋರ್ಸಾದರೂ ಮುಗಿದಿರುತ್ತಿತ್ತು. ಹೇಗೂ ದಿನಕ್ಕೆ ಎಂಟೊಂಬತ್ತು ಗಂಟೆ ಲೆಕ್ಕಗಳ ನಡುವೆಯೇ ಕೂತಿರುತ್ತೀರಿ. ಆ ಗಂಟೆಗಳಿಂದಲೇ ಪಾಠ ಹಿಂಡಿಕೊಳ್ಳುವುದು ಹೇಗೆ ಎಂದು ನೋಡೋಣ. ಕೋರ್ಸ್‌ಗಳ ಮಾತು ಕೊನೆಗಿರಲಿ.

ನೋಡಿದ್ದು ಏಕೆ ನಿಲ್ಲಲಿಲ್ಲ

ವಿಡಿಯೊ ನೋಡುವಾಗ ಎಲ್ಲ ಅರ್ಥವಾದಂತೆಯೇ ಇರುತ್ತದೆ. ಮೋಸ ಇರುವುದು ಅಲ್ಲೇ. ಹೇಳುವವರು ಸರಾಗವಾಗಿ ಹೇಳಿದಷ್ಟೂ ನಮಗೂ ಬಂದುಬಿಟ್ಟಿತು ಅನ್ನಿಸುತ್ತದೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಎರಡು ಗದ್ಯಭಾಗ ಕೊಟ್ಟರು. ಒಂದನ್ನು ಎರಡು ಸಲ ಓದಿಸಿದರು. ಇನ್ನೊಂದನ್ನು ಒಂದೇ ಸಲ ಓದಿಸಿ, ಹಾಳೆ ಮುಚ್ಚಿಸಿ, ನೆನಪಾದಷ್ಟನ್ನು ಬರೆಸಿದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಮೇಲಾಗಿತ್ತು: ನೆನಪಿದ್ದದ್ದು ಶೇ. 81, ಮುಚ್ಚಿ ಬರೆದದ್ದು ಶೇ. 75. ಒಂದು ವಾರ ಬಿಟ್ಟು ನೋಡಿದರೆ ಲೆಕ್ಕ ತಿರುವುಮುರುವು: ಎರಡು ಸಲ ಓದಿದ್ದು ಶೇ. 42ಕ್ಕೆ ಇಳಿದಿತ್ತು, ಮುಚ್ಚಿ ಬರೆದದ್ದು ಶೇ. 56ರಲ್ಲಿ ನಿಂತಿತ್ತು.

ನೀವು ಒಂದೂವರೆ ವರ್ಷದಿಂದ ಮಾಡುತ್ತಿರುವುದು ಎರಡು ಸಲ ಓದುವ ಕೆಲಸ. ಅದೂ ದಿನದ ಅತ್ಯಂತ ಸುಸ್ತಾದ ಹೊತ್ತಿನಲ್ಲಿ. ನೆನಪಿನ ಶಕ್ತಿಯನ್ನು ಬೈಯಬೇಕಾಗಿಲ್ಲ. ಒಳಕ್ಕೆ ಹಾಕಿಕೊಳ್ಳುತ್ತಲೇ ಇದ್ದೀರಿ, ಹೊರಕ್ಕೆ ತೆಗೆದು ನೋಡಿಯೇ ಇಲ್ಲ.

ಸಮಯವೆಲ್ಲ ಒಂದೇ ತೂಕದ್ದಲ್ಲ

ಐದು ಕೆಲಸದ ದಿನ ಒಂದು ಚೀಟಿ ಜೇಬಿನಲ್ಲಿಟ್ಟುಕೊಳ್ಳಿ. ಎರಡು ಗಂಟೆಗೊಮ್ಮೆ ಒಂದೇ ಅಕ್ಷರ ಬರೆಯಿರಿ: ತಲೆ ಚುರುಕಾಗಿದ್ದರೆ ‘ಚು’, ನಡುವಿನಲ್ಲಿದ್ದರೆ ‘ನ’, ಸುಸ್ತಾಗಿದ್ದರೆ ‘ಸು’. ಜೊತೆಗೆ 5 ನಿಮಿಷಕ್ಕಿಂತ ಹೆಚ್ಚು ಸುಮ್ಮನೆ ಕಾದ ಹೊತ್ತುಗಳಿಗೆ ಒಂದು ಗೀಟು. ಇಷ್ಟೇ. ದೊಡ್ಡ ಕೋಷ್ಟಕ ಹಾಕಿ ನಿಮಿಷ ನಿಮಿಷ ಬರೆಯಲು ಹೋದರೆ ಎರಡನೇ ದಿನಕ್ಕೇ ಬಿಟ್ಟುಬಿಡುತ್ತೀರಿ.

ವಾರದ ಕೊನೆಗೆ ನೋಡಿದರೆ ಹೆಚ್ಚಿನವರ ಚೀಟಿಯಲ್ಲಿ ಒಂದೇ ಕಥೆ ಇರುತ್ತದೆ. ಚುರುಕು ಹೊತ್ತು ಕಚೇರಿಯ ಪಾಲು, ಸುಸ್ತಿನ ಹೊತ್ತು ಕಲಿಕೆಯ ಪಾಲು. ಇದನ್ನು ಪೂರ್ತಿ ತಿರುಗಿಸಲಾಗದು, ಸಂಬಳ ಕೊಡುವವರಿಗೂ ನಿಮ್ಮ ಚುರುಕು ಹೊತ್ತು ಬೇಕಲ್ಲ. ಆದರೆ ಯಾವ ಹೊತ್ತಿಗೆ ಯಾವ ಬಗೆಯ ಕಲಿಕೆ ಎಂಬುದು ನಿಮ್ಮ ಕೈಯಲ್ಲಿದೆ. ಹೊಸದೊಂದನ್ನು ಅರ್ಥ ಮಾಡಿಕೊಳ್ಳಲು ಚುರುಕು ಹೊತ್ತೇ ಬೇಕು. ವಾರಕ್ಕೆ ಒಂದೂವರೆ ಗಂಟೆ ಸಿಕ್ಕರೂ ಸಾಕು. ಕೈ ಪಳಗಿಸುವ ಅಭ್ಯಾಸ ನಡುವಿನ ಹೊತ್ತಿಗೆ ಆಗುತ್ತದೆ. ಆಗಲೇ ಗೊತ್ತಿರುವುದನ್ನು ನೆನಪಿಸಿಕೊಳ್ಳುವ ಕೆಲಸ ಕಾಯುವ ಹೊತ್ತಿಗೆ ಸಲ್ಲುತ್ತದೆ. ಸುಸ್ತಿನ ಹೊತ್ತಿಗೆ ಏನೂ ಬೇಡ, ನಿದ್ದೆ ಮಾಡಿ. ಇದು ಸೋಮಾರಿತನಕ್ಕೆ ಕೊಟ್ಟ ಪರವಾನಗಿ ಅಂದುಕೊಳ್ಳಬೇಡಿ. 1924ರಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬಿಬ್ಬರು ಮಾಡಿದ ಹಳೆಯ ಪ್ರಯೋಗದಿಂದ ಇಂದಿನವರೆಗೂ ಕಂಡುಬಂದಿರುವ ಸಂಗತಿ ಇದು: ಕಲಿತ ಮೇಲೆ ನಿದ್ದೆ ಮಾಡಿದವರಿಗೆ, ಅಷ್ಟೇ ಹೊತ್ತು ಎಚ್ಚರವಿದ್ದವರಿಗಿಂತ ಹೆಚ್ಚು ನೆನಪಿರುತ್ತದೆ. ನಿದ್ದೆ ಕದ್ದು ಕಲಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ನಿನ್ನೆಯ ಕೆಲಸ, ಉತ್ತರ ಸಮೇತ

ಕೋರ್ಸ್‌ಗಳಲ್ಲಿ ಕೊಡುವ ಲೆಕ್ಕಗಳ ತೊಂದರೆ ಏನೆಂದರೆ ಅವು ಯಾರದೋ ಲೆಕ್ಕ. ಊಹೆಯ ಅಂಗಡಿ, ಊಹೆಯ ಗ್ರಾಹಕ. ಉತ್ತರ ತಪ್ಪಾದರೂ ನಿಮಗೆ ಚುರುಕ್ಕೆನ್ನುವುದಿಲ್ಲ. ನಿಮ್ಮ ಮೇಜಿನ ಮೇಲೆ ಮಾತ್ರ ದಿನವೂ ನಿಜವಾದ ಲೆಕ್ಕಗಳು ಮುಗಿದುಹೋಗುತ್ತಿವೆ, ಸರಿ ಉತ್ತರ ಸಮೇತ. ನಿನ್ನೆ ಎಕ್ಸೆಲ್‌ನಲ್ಲಿ ಮುಗಿಸಿದ ಕೆಲಸವನ್ನೇ ಇಂದು ಎಸ್‌ಕ್ಯೂಎಲ್‌ನಲ್ಲಿ ಮತ್ತೆ ಮಾಡಿ. ಎರಡರ ಮೊತ್ತ ಒಂದಾದರೆ ಸರಿ, ಬೇರೆಯಾದರೆ ಅಲ್ಲೇ ನಿಮ್ಮ ಪಾಠ ಇದೆ. ಮೇಷ್ಟ್ರೂ ಬೇಡ, ಉತ್ತರಪುಸ್ತಕವೂ ಬೇಡ.

ಒಂದೇ ಒಂದು ಕಟ್ಟಳೆ: ಕಂಪನಿಯ ಫೈಲನ್ನು ಮನೆಯ ಕಂಪ್ಯೂಟರಿಗೆ ಒಯ್ಯಬೇಡಿ, ಹೆಸರು ಅಳಿಸಿಯೂ ಒಯ್ಯಬೇಡಿ. ಲೆಕ್ಕದ ಆಕಾರವನ್ನಷ್ಟೇ ತಲೆಯಲ್ಲಿ ಹೊತ್ತು ಬನ್ನಿ. ಯಾವ ಕಾಲಮ್‌ಗಳಿದ್ದವು, ಯಾವುದು ಯಾವುದಕ್ಕೆ ಹೊಂದಬೇಕು, ಎಲ್ಲಿ ಖಾಲಿ ಇತ್ತು, ಎಲ್ಲಿ ಎರಡೆರಡು ಸಲ ಬಂದಿತ್ತು, ಇಷ್ಟು. ಅದೇ ಆಕಾರದಲ್ಲಿ ಸುಳ್ಳು ಹೆಸರು, ಸುಳ್ಳು ಅಂಕಿ ಹಾಕಿ 20ರಿಂದ 30 ಸಾಲಿನ ಎರಡು ಪಟ್ಟಿ ಟೈಪ್ ಮಾಡಿಕೊಳ್ಳಿ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಉಚಿತ. ಇಡೀ ಡೇಟಾಬೇಸ್ ಒಂದೇ ಫೈಲಿನಲ್ಲಿ ಕೂರುತ್ತದೆ, ಸರ್ವರ್ ಹಾಕುವ ರಗಳೆ ಇಲ್ಲ. ಕಲಿಯುವವರಿಗೆ ಇಷ್ಟು ಸಾಕು. ಯಾವ ಡೇಟಾಬೇಸ್ ಶ್ರೇಷ್ಠ ಎಂದು ಹೋಲಿಸುತ್ತ ಕೂತವರು ಒಂದು ತಿಂಗಳಾದರೂ ಒಂದು ಕ್ವೆರಿ (ಡೇಟಾಬೇಸ್‌ಗೆ ಹಾಕುವ ಪ್ರಶ್ನೆ) ಬರೆದಿರುವುದಿಲ್ಲ.

ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ. ನಾಲ್ಕು ಬಿಲ್‌ಗಳು. 101ನೇ ಬಿಲ್ 10,000. 102 ನಾಲ್ಕು ಸಾವಿರ. 103 ಏಳೂವರೆ ಸಾವಿರ. 104 ಎರಡೂವರೆ ಸಾವಿರ. ಒಟ್ಟು 24,000. ಪಾವತಿ ಪಟ್ಟಿಯಲ್ಲಿ 101ಕ್ಕೆ ಎರಡು ಕಂತು, ಮೊದಲು 6,000, ಆಮೇಲೆ 4,000. 102 ಮತ್ತು 104 ಪೂರ್ತಿ ಸಂದಿವೆ. 103ಕ್ಕೆ ಏನೂ ಬಂದಿಲ್ಲ. ಬಾಕಿ ಎಷ್ಟು? ಬರಿಗಣ್ಣಿಗೇ ಕಾಣುತ್ತದೆ: 7,500.

ಎಕ್ಸೆಲ್‌ನಲ್ಲಿ ವಿಲುಕಪ್ (ಒಂದು ಪಟ್ಟಿಯ ನಂಬರನ್ನು ಇನ್ನೊಂದರಲ್ಲಿ ಹುಡುಕಿ ತರುವ ಸೂತ್ರ) ಹಾಕಿದರೆ 101ಕ್ಕೆ ಮೊದಲು ಸಿಕ್ಕ 6,000 ಮಾತ್ರ ಬರುತ್ತದೆ, ಎರಡನೇ ಕಂತು ಅದರ ಕಣ್ಣಿಗೆ ಬೀಳುವುದಿಲ್ಲ. ಸಿಗದಿದ್ದಲ್ಲಿ ಸೊನ್ನೆ ಹಾಕು ಎಂದು ಹೇಳಿಟ್ಟಿದ್ದರೆ ಬಾಕಿ 11,500 ಎಂದು ತೋರಿಸುತ್ತದೆ. ಎಸ್‌ಕ್ಯೂಎಲ್‌ನಲ್ಲಿ ಅದೇ ಎರಡು ಪಟ್ಟಿಗೆ ಲೆಫ್ಟ್ ಜಾಯಿನ್ (ಎಡಗಡೆಯ ಬಿಲ್ ಪಟ್ಟಿಯ ಎಲ್ಲ ಸಾಲನ್ನೂ ಇಟ್ಟುಕೊಂಡು ಬಲಗಡೆಯ ಪಾವತಿಗಳನ್ನು ಜೋಡಿಸುವ ಆದೇಶ) ಹಾಕಿ ಬಿಲ್ ಮೊತ್ತ ಕೂಡಿಸಿ. 24,000ದ ಬದಲು 34,000 ಬರುತ್ತದೆ. ಏಕೆ? ಜಾಯಿನ್ ಮೊದಲನೆಯದಕ್ಕೆ ನಿಲ್ಲುವುದಿಲ್ಲ, ಹೊಂದಿದ ಪ್ರತಿಯೊಂದನ್ನೂ ತರುತ್ತದೆ. 101ಕ್ಕೆ ಎರಡು ಪಾವತಿ ಇರುವುದರಿಂದ ಅದರ 10,000 ಎರಡು ಸಾಲಿನಲ್ಲಿ ನಿಂತಿತು. ಒಂದೇ ತೊಡಕು, ಎರಡು ಸಾಧನ, ಎರಡು ಬೇರೆ ಬೇರೆ ತಪ್ಪು. ಪಾವತಿಗಳನ್ನು ಮೊದಲು ಬಿಲ್ ನಂಬರಿನ ಪ್ರಕಾರ ಗ್ರೂಪ್ ಬೈ ಮಾಡಿ, ಅಂದರೆ ಒಂದೇ ನಂಬರಿನವನ್ನು ಕೂಡಿಸಿ, ಒಂದೊಂದು ಸಾಲಿಗೆ ಇಳಿಸಿ, ಆಮೇಲೆ ಜಾಯಿನ್ ಮಾಡಿದರೆ 7,500 ಸರಿಯಾಗಿ ಬರುತ್ತದೆ.

ಇಲ್ಲಿಗೇ ನಿಲ್ಲಬೇಡಿ, ಬೇಕೆಂದೇ ಇನ್ನೊಂದು ತಪ್ಪು ಮಾಡಿ. ಮೊದಲಿನ ಜಾಯಿನ್‌ಗೆ ‘ಪಾವತಿ ದಿನಾಂಕ ಈ ತಿಂಗಳು’ ಎಂಬ ಷರತ್ತನ್ನು, ಸಾಲುಗಳನ್ನು ಸೋಸುವ ವೇರ್ ಭಾಗದಲ್ಲಿ ಸೇರಿಸಿ. ಥಟ್ಟನೆ 103 ಮಾಯ. ಬಾಕಿ ಇದ್ದದ್ದು ಅದೊಂದೇ ಬಿಲ್. ಅದಕ್ಕೆ ಪಾವತಿಯೇ ಇಲ್ಲದ ಮೇಲೆ ದಿನಾಂಕ ಎಲ್ಲಿಂದ ಬರಬೇಕು? ಷರತ್ತು ಅದನ್ನು ಆಚೆ ತಳ್ಳಿತು, ಲೆಫ್ಟ್ ಜಾಯಿನ್ ಹೆಸರಿಗಷ್ಟೇ ಉಳಿಯಿತು. ದಿನಾಂಕದ ಸೋಸುವಿಕೆ ಪಾವತಿಗಳನ್ನು ಗುಂಪು ಮಾಡುವ ಹಂತದಲ್ಲೇ ಆಗಬೇಕು, ಜಾಯಿನ್ ಆದ ಮೇಲಲ್ಲ. ಈ ಒಂದು ಸಂಗತಿ ಹತ್ತು ಗಂಟೆಯ ವಿಡಿಯೊದಲ್ಲಿ ಎಲ್ಲೋ ಒಂದು ವಾಕ್ಯವಾಗಿ ಹಾದುಹೋಗಿರುತ್ತದೆ. ನಿಮ್ಮದೇ ಬಾಕಿ ಪಟ್ಟಿ ಖಾಲಿಯಾಗಿ ನಿಂತಾಗ ಮಾತ್ರ ಜನ್ಮದಲ್ಲಿ ಮರೆಯುವುದಿಲ್ಲ.

ಮೊದಲು ಊಹೆ, ಆಮೇಲೆ ಗುಂಡಿ

ಮೇಲಿನ ಅಭ್ಯಾಸಕ್ಕೆ ಒಂದು ಚಿಕ್ಕ ತಿರುವು ಕೊಟ್ಟರೆ ಅದರ ಫಲ ಹೆಚ್ಚುತ್ತದೆ. ಕ್ವೆರಿ ಓಡಿಸುವ ಮುನ್ನ ಎಷ್ಟು ಸಾಲು ಬರುತ್ತವೆ, ಮೊತ್ತ ಎಷ್ಟು ಎಂದು ಕಾಗದದ ಮೇಲೆ ಬರೆಯಿರಿ. ಪಕ್ಕದಲ್ಲಿ ಖಾತ್ರಿ ಎಷ್ಟು ಎಂದು 1ರಿಂದ 5ರೊಳಗೆ ಒಂದು ಅಂಕಿ. ಆಮೇಲೆ ಗುಂಡಿ ಒತ್ತಿ. ಮೇಲಿನ ಜಾಯಿನ್‌ನಲ್ಲಿ ಸಾಲುಗಳನ್ನು ಎಣಿಸಿದರೆ 5 ಬರುತ್ತದೆ, ಪಾವತಿ ಕಾಲಮ್ಮನ್ನು ಎಣಿಸಿದರೆ 4. ಖಾಲಿ ಜಾಗವನ್ನು ಎರಡನೆಯ ಎಣಿಕೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡೂ 5 ಎಂದು ಬರೆದು ಖಾತ್ರಿಗೆ 5 ಹಾಕಿದ್ದರೆ, ಆ ಪೆಟ್ಟು ಚೆನ್ನಾಗಿ ತಾಗುತ್ತದೆ. 2001ರಲ್ಲಿ ಬಟರ್‌ಫೀಲ್ಡ್ ಮತ್ತು ಮೆಟ್‌ಕಾಫ್ ಗುರುತಿಸಿದ್ದು ಇದನ್ನೇ: ಖಾತ್ರಿಯಿಂದ ಹೇಳಿದ ತಪ್ಪು, ಸರಿ ಉತ್ತರ ಸಿಕ್ಕ ಮೇಲೆ, ಅಳುಕಿನಿಂದ ಹೇಳಿದ ತಪ್ಪಿಗಿಂತ ಚೆನ್ನಾಗಿ ತಿದ್ದಿಕೊಳ್ಳುತ್ತದೆ.

ಇದೇ ಊಹೆಯ ಚೀಟಿ ಕಚೇರಿಯಲ್ಲೂ ನಡೆಯುತ್ತದೆ, ಯಾರ ಅನುಮತಿಯೂ ಬೇಡ. ತಿಂಗಳ ವರದಿ ತೆರೆಯುವ ಮುನ್ನ ಯಾವ ಖಾತೆ ಏರಿದೆ, ಯಾವುದು ಇಳಿದಿದೆ ಎಂದು ಬರೆದಿಡಿ. ಹಿರಿಯರು ಒಂದು ಬಿಲ್ ತಡೆಹಿಡಿಯುತ್ತಾರೋ ಬಿಡುತ್ತಾರೋ ಎಂದು ಮೊದಲೇ ಊಹಿಸಿ. ದಿನಕ್ಕೆ ಎರಡು ಊಹೆ, ಒಟ್ಟು ಮೂರು ನಿಮಿಷ. ತಿಂಗಳಿಗೆ ನಲವತ್ತರ ಹತ್ತಿರ ಆಗುತ್ತದೆ. ತಪ್ಪಾದವುಗಳನ್ನು ಒಂದು ಕಡೆ ಸೇರಿಸಿ ನೋಡಿದರೆ ನಿಮಗೆ ಏನು ಬರುವುದಿಲ್ಲ ಎಂಬುದು ಯಾವ ಕೋರ್ಸಿನ ಪರಿವಿಡಿಗಿಂತಲೂ ಸ್ಪಷ್ಟವಾಗಿ ಕಾಣುತ್ತದೆ. ಎಡವಟ್ಟು ಆಗುವುದು ಒಂದೇ ಕಡೆ: ಊಹೆಯನ್ನು ಬರೆಯದೆ ಮನಸ್ಸಿನಲ್ಲೇ ಇಟ್ಟುಕೊಂಡರೆ, ಉತ್ತರ ಕಂಡ ಕೂಡಲೇ ‘ನಾನೂ ಅದೇ ಅಂದುಕೊಂಡಿದ್ದೆ’ ಎಂದು ಮನಸ್ಸು ಜಾರಿಕೊಳ್ಳುತ್ತದೆ. ಬರೆಯಲೇಬೇಕು.

ಚಾಟ್‌ಬಾಟ್ ಬಳಸುವವರಿಗೂ ಇದೇ ಕ್ರಮ. ಪ್ರಶ್ನೆ ಹುಟ್ಟಿದೊಡನೆ ಅದನ್ನು ಕೇಳಿದರೆ ಉತ್ತರ ಬರುತ್ತದೆ, ಕಲಿಕೆ ಬರುವುದಿಲ್ಲ. ಮೊದಲು ನಿಮ್ಮದೇ ಒಡಕು ಕ್ವೆರಿ ಬರೆಯಿರಿ, ಆಮೇಲೆ ‘ಇದು ಎಲ್ಲಿ ಮುರಿಯುತ್ತದೆ, ಉತ್ತರ ಹೇಳದೆ ಸುಳಿವು ಮಾತ್ರ ಕೊಡು’ ಎಂದು ಕೇಳಿ. ಅದು ಕೊಟ್ಟಿದ್ದನ್ನು ನಿಮ್ಮ ನಾಲ್ಕು ಬಿಲ್ಲಿನ ಪಟ್ಟಿಯ ಮೇಲೆ ಓಡಿಸಿ ನೋಡದೆ ನಂಬಬೇಡಿ. ತಪ್ಪನ್ನೂ ಅದು ಅಷ್ಟೇ ಧೈರ್ಯದಿಂದ ಹೇಳುತ್ತದೆ. ಕಂಪನಿಯ ಅಂಕಿಗಳನ್ನು ಅದಕ್ಕೆ ತಿನ್ನಿಸುವುದಂತೂ ಬೇಡವೇ ಬೇಡ.

ಕಾಯುವ ಹೊತ್ತಿಗೆ ಕಾರ್ಡು

ಬಿಟ್ಟು ಬಿಟ್ಟು ನೆನಪಿಸಿಕೊಳ್ಳುವ ಕಾರ್ಡುಗಳ ಬಗ್ಗೆ ಕೇಳಿರುತ್ತೀರಿ: ಮುಂದೆ ಪ್ರಶ್ನೆ, ಹಿಂದೆ ಉತ್ತರ. 1885ರಲ್ಲಿ ಹರ್ಮನ್ ಎಬಿಂಗ್‌ಹೌಸ್ ಎಂಬ ಮನೋವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ ಅಳೆದಾಗ, ಮರಳಿ ಕಲಿಯುವುದರಲ್ಲಿ ಉಳಿತಾಯವಾಗುವ ಶ್ರಮ ಒಂದು ಗಂಟೆಯ ನಂತರ ಶೇ. 44, ಒಂದು ದಿನದ ನಂತರ ಶೇ. 34, ಒಂದು ತಿಂಗಳ ನಂತರ ಶೇ. 21 ಎಂದು ಕಂಡಿತು. ಮರೆವು ಮೊದಲಿಗೆ ಕಡಿದಾಗಿ ಇಳಿದು ಆಮೇಲೆ ನಿಧಾನವಾಗುತ್ತದೆ. ಆದ್ದರಿಂದಲೇ ಮೊದಲ ಪುನರಾವರ್ತನೆ ಬೇಗ, ಮುಂದಿನವು ದೂರ ದೂರ. ಸೆಬಾಸ್ಟಿಯನ್ ಲೀಟ್ನರ್ 1972ರಲ್ಲಿ ಇದಕ್ಕೆ ರಟ್ಟಿನ ಪೆಟ್ಟಿಗೆಯ ವ್ಯವಸ್ಥೆ ಹೇಳಿಕೊಟ್ಟ: ಐದು ಖಾನೆ, ಸರಿಯಾದರೆ ಕಾರ್ಡು ಮುಂದಿನ ಖಾನೆಗೆ, ತಪ್ಪಾದರೆ ಮೊದಲನೆಯದಕ್ಕೆ. 1, 3, 7, 14, 30 ದಿನಗಳ ಅಂತರ ಇಟ್ಟುಕೊಂಡರೆ ಸಾಕು. 2006ರಲ್ಲಿ ಬಂದ ಆಂಕಿ ಎಂಬ ತಂತ್ರಾಂಶ ಇದೇ ಬಗೆಯ ಕೆಲಸವನ್ನು ಕಂಪ್ಯೂಟರ್, ಫೋನುಗಳಲ್ಲಿ ಮಾಡುತ್ತದೆ.

ಹೆಚ್ಚಿನವರು ಸೋಲುವುದು ಎರಡು ಕಡೆ. ಮೊದಲನೆಯದು ಲೆಕ್ಕ. ಐದು ಖಾನೆ ಎಂದರೆ ಪ್ರತಿ ಕಾರ್ಡೂ ಕನಿಷ್ಠ ಐದು ಸಲ ಮರಳಿ ಬರುತ್ತದೆ. ದಿನಕ್ಕೆ 3 ಹೊಸ ಕಾರ್ಡು ಹಾಕಿದರೆ, ಪೆಟ್ಟಿಗೆ ತುಂಬಿದ ಮೇಲೆ ದಿನಕ್ಕೆ 15 ಪುನರಾವರ್ತನೆ, ತಪ್ಪಿದವು ಸೇರಿ 20. ಒಂದಕ್ಕೆ 15 ಸೆಕೆಂಡ್ ಹಿಡಿದರೂ 5 ನಿಮಿಷ. ಉತ್ಸಾಹದಲ್ಲಿ ದಿನಕ್ಕೆ 20 ಹಾಕಿದರೆ ಅದು 100 ದಾಟುತ್ತದೆ, ಅರ್ಧ ಗಂಟೆ ಬೇಕು. ಎರಡು ದಿನ ತಪ್ಪಿದರೆ 200 ಕಾರ್ಡು ಕಾದು ಕೂತಿರುತ್ತವೆ, ಆಮೇಲೆ ಆ ಆ್ಯಪ್ ತೆರೆಯಲೇ ಭಯ. ಹೊಸದು ದಿನಕ್ಕೆ ಮೂರೇ.

ಎರಡನೆಯದು ಕಾರ್ಡಿನ ಮೇಲಿನ ಪ್ರಶ್ನೆ. ‘ಲೆಫ್ಟ್ ಜಾಯಿನ್ ಎಂದರೇನು?’ ಎಂದು ಬರೆದರೆ ಬಾಯಿಪಾಠದ ಉತ್ತರ ಬರುತ್ತದೆ, ಕೆಲಸದ ಹೊತ್ತಿಗೆ ಕೈ ಓಡುವುದಿಲ್ಲ. ಹೀಗೆ ಬರೆಯಿರಿ: ‘ಬಿಲ್ಲುಗಳ ಮೊತ್ತ 24,000. ಜಾಯಿನ್ ಆದ ಮೇಲೆ 34,000. ಮೊದಲು ಏನನ್ನು ಪರೀಕ್ಷಿಸುತ್ತೀಯ?’ ಹಿಂಬದಿಗೆ: ‘ಬಲಗಡೆ ಪಟ್ಟಿಯಲ್ಲಿ ಒಂದೇ ಬಿಲ್ ನಂಬರ್ ಎಷ್ಟು ಸಲ ಇದೆ ಎಂದು’. ರೋಗಲಕ್ಷಣ ಮುಂದೆ, ತಪಾಸಣೆ ಹಿಂದೆ. ಬೇರೆಯವರು ಮಾಡಿಟ್ಟ ಸಿದ್ಧ ಕಾರ್ಡುಗಳನ್ನು ಇಳಿಸಿಕೊಳ್ಳುವುದು ನಮಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಪ್ರಶ್ನೆ ಕಟ್ಟುವ ಶ್ರಮದಲ್ಲೇ ಅರ್ಧ ಕಲಿಕೆ ಇದೆ.

ಬಸ್ಸಿನಲ್ಲಿ, ರೈಲಿನಲ್ಲಿ, ಫೈಲ್ ಲೋಡ್ ಆಗುವಾಗ ಕಾರ್ಡು ತೆಗೆಯಬಹುದು. ನೀವೇ ಗಾಡಿ ಓಡಿಸುತ್ತಿದ್ದರೆ ಬೇಡ. ಕಿವಿಗೆ ಹಾಕಿಕೊಂಡ ಪ್ರಶ್ನೆಗೂ ಉತ್ತರ ಹುಡುಕುವಾಗ ಗಮನ ರಸ್ತೆಯಿಂದ ಸರಿಯುತ್ತದೆ. ನಡೆದುಹೋಗುವ ದಾರಿಯಿದ್ದರೆ ಇನ್ನೊಂದು ಒಳ್ಳೆಯ ಆಟ: ಇಂದು ಕಲಿತ ಒಂದು ಸಂಗತಿಯನ್ನು ಎರಡು ನಿಮಿಷ ಫೋನಿಗೆ ಹೇಳಿ ರೆಕಾರ್ಡ್ ಮಾಡಿ, ಮರುದಿನ ಬೆಳಗ್ಗೆ ಕೇಳಿ. ‘ಅದೇನೋ ಒಂಥರಾ’, ‘ಹಂಗೇ ಆಗತ್ತೆ’ ಎಂದು ತೇಲಿಸಿದ ಜಾಗಗಳು ಕಿವಿಗೆ ಚುಚ್ಚುತ್ತವೆ. ಅವೇ ನಾಳೆಯ ಕಾರ್ಡು.

ವಾರದ ಒಂದೂವರೆ ಗಂಟೆ

ಇದನ್ನು ರಜಾದಿನದ ಬೆಳಗಿಗೆ ಇಡಿ. ಫೋನ್ ಬೇರೆ ಕೋಣೆಗೆ. ಮೊದಲ 10 ನಿಮಿಷ ಹಿಂದಿನ ವಾರದ್ದನ್ನು ನೋಡದೆ ಖಾಲಿ ಹಾಳೆಯ ಮೇಲೆ ಬರೆಯಿರಿ. ಮುಂದಿನ 60 ನಿಮಿಷ ಒಂದೇ ಲೆಕ್ಕ, ಕಚೇರಿಯ ಆಕಾರದ್ದು. ಸಿಕ್ಕಿಬಿದ್ದಾಗ ಮಾತ್ರ ಪಾಠ ತೆರೆಯಿರಿ, ಬೇಕಾದ ಭಾಗ ಓದಿ ಮುಚ್ಚಿ. ಉಳಿದ 20 ನಿಮಿಷದಲ್ಲಿ ಕಾರ್ಡು ಬರೆದು, ಮುಂದಿನ ವಾರ ಎಲ್ಲಿಂದ ಶುರು ಎಂದು ಒಂದು ಸಾಲು ಬರೆದಿಡಿ. ಈ ಒಂದು ಸಾಲನ್ನು ತಾತ್ಸಾರ ಮಾಡಬೇಡಿ. ‘ಜಾಯಿನ್ ಮುಂದುವರಿಸು’ ಎಂದು ಬರೆದರೆ ಮುಂದಿನ ವಾರ 20 ನಿಮಿಷ ಎಲ್ಲಿದ್ದೆ ಎಂದು ತಡಕಾಡುತ್ತೀರಿ. ‘ಪಾವತಿ ಪಟ್ಟಿಗೆ ವಾಪಸ್ ಬಂದ ಮೊತ್ತದ ಎರಡು ಸಾಲು ಸೇರಿಸು, ಬಾಕಿ ಎಷ್ಟಾಗುತ್ತದೆ ಊಹಿಸು, ಓಡಿಸು’ ಎಂದಿದ್ದರೆ ಕೂತ ಕೂಡಲೇ ಕೈ ಓಡುತ್ತದೆ.

ಕಚೇರಿಯಿಂದ ಹೊರಡುವಾಗಲೂ ಇದೇ ಒಂದು ಸಾಲು ಬೇಕು. ಮುಗಿಯದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದೆಯೇ ಉಳಿಯುತ್ತದೆ ಎಂದು ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಎಲ್ಲಿ ನಿಲ್ಲಿಸಿದೆ, ನಾಳೆ ಮೊದಲ ಹೆಜ್ಜೆ ಯಾವುದು ಎಂದು ಬರೆದಿಟ್ಟು ಹೊರಟರೆ ಮನೆಗೆ ಬಂದ ತಲೆ ಸ್ವಲ್ಪ ಖಾಲಿಯಾಗಿರುತ್ತದೆ.

‘ದಿನಾ ಕಲಿಯುತ್ತೇನೆ’ ಎಂಬ ಸಂಕಲ್ಪಕ್ಕಿಂತ ‘ಬಸ್ಸಿನಲ್ಲಿ ಸೀಟು ಸಿಕ್ಕ ಕೂಡಲೇ ಕಾರ್ಡು ತೆಗೆಯುತ್ತೇನೆ’ ಎಂಬುದು ಹೆಚ್ಚು ನಡೆಯುತ್ತದೆ. ಇಂಥದ್ದಾದಾಗ ಇಂಥದ್ದು ಮಾಡುತ್ತೇನೆ ಎಂದು ಕಟ್ಟಿಹಾಕುವ ಈ ಉಪಾಯವನ್ನು ಪೀಟರ್ ಗೋಲ್‌ವಿಟ್ಸರ್ ಬಹುಕಾಲ ಅಭ್ಯಾಸ ಮಾಡಿ 1999ರಲ್ಲಿ ಒಟ್ಟುಗೂಡಿಸಿ ಬರೆದಿದ್ದಾರೆ. ಗಡಿಯಾರಕ್ಕೆ ಕಟ್ಟಬೇಡಿ, ಹೇಗೂ ಆಗುವ ಘಟನೆಗೆ ಕಟ್ಟಿ. 8 ಗಂಟೆ ಎಂದಿಟ್ಟುಕೊಂಡರೆ ತಡವಾದ ದಿನ ಎಲ್ಲವೂ ಕೆಡುತ್ತದೆ.

ಪಕ್ಕದ ಮೇಜಿನ ಗುರು

ಕಚೇರಿಯಲ್ಲಿ ಎಸ್‌ಕ್ಯೂಎಲ್ ಬರುವವರು ಒಬ್ಬರಾದರೂ ಇರುತ್ತಾರೆ. ‘ನನಗೆ ಕಲಿಸಿ’ ಎಂದರೆ ಒಪ್ಪುತ್ತಾರೆ, ಆದರೆ ದಿನ ಕೂಡಿ ಬರುವುದಿಲ್ಲ. ಅದರ ಬದಲು ನಿಮ್ಮ ಮುರಿದ ಕ್ವೆರಿ, ಬಂದ ಉತ್ತರ, ಬರಬೇಕಿದ್ದ ಉತ್ತರ ಮೂರನ್ನೂ ಒಂದೇ ಹಾಳೆಯಲ್ಲಿ ಒಯ್ಯಿರಿ, 10 ನಿಮಿಷ ಕೇಳಿ. ಅವರು ಸರಿಮಾಡಿ ಕೊಟ್ಟ ಮೇಲೆ ಮುಖ್ಯ ಪ್ರಶ್ನೆ ಹಾಕಿ: ‘ತಪ್ಪು ಇಲ್ಲೇ ಇದೆ ಎಂದು ಯಾವುದನ್ನು ನೋಡಿ ಅನುಮಾನ ಬಂತು?’ ಪಳಗಿದವರು ಏನು ಮಾಡಿದರು ಎಂಬುದು ಪುಸ್ತಕದಲ್ಲೂ ಸಿಗುತ್ತದೆ. ಎಲ್ಲಿ ಕಣ್ಣು ಹಾಯಿಸಿದರು ಎಂಬುದು ಹೀಗೆ ಕೇಳಿದರೆ ಮಾತ್ರ ಹೊರಬರುತ್ತದೆ, ಎಷ್ಟೋ ಸಲ ಅವರಿಗೇ ಆಗಷ್ಟೇ ಹೊಳೆಯುತ್ತದೆ.

ಇನ್ನೊಂದು ಉಪಾಯ: ಯಾರೂ ಬರೆಯಲು ಇಷ್ಟಪಡದ ಕಾರ್ಯವಿಧಾನದ ದಾಖಲೆಯನ್ನು ನೀವು ಬರೆಯುತ್ತೇನೆ ಎನ್ನಿ. ಬರೆಯುವ ನೆಪದಲ್ಲಿ ಎಲ್ಲರ ಬಳಿ ಕೂತು ‘ಆಮೇಲೆ ಏನು, ಇದು ಆಗದಿದ್ದರೆ ಏನು’ ಎಂದು ಕೇಳುವ ಹಕ್ಕು ಸಿಗುತ್ತದೆ. ಮೇಲಧಿಕಾರಿಯ ಹತ್ತಿರ ಕಲಿಯಲು ಸಮಯ ಕೇಳಬೇಡಿ, ಕೆಲಸ ಕೇಳಿ. ‘ಬಾಕಿ ಪಟ್ಟಿಯನ್ನು ಎರಡು ತಿಂಗಳು ಎಂದಿನಂತೆ ಎಕ್ಸೆಲ್‌ನಲ್ಲೇ ಕೊಡುತ್ತೇನೆ, ಜೊತೆಗೆ ಅದನ್ನೇ ಡೇಟಾಬೇಸ್‌ನಿಂದ ತೆಗೆದು ಹೋಲಿಸುತ್ತೇನೆ, ಓದಲು ಮಾತ್ರ ಅನುಮತಿ ಇರುವ ಲಾಗಿನ್ ಸಾಕು.’ ಇದರಲ್ಲಿ ಅವರಿಗೆ ಅಪಾಯ ಇಲ್ಲ, ಇಲ್ಲ ಎನ್ನಲು ಕಾರಣ ಕಡಿಮೆ. ಹಾಗೇ ಉದ್ಯೋಗದ ಕರಾರನ್ನೊಮ್ಮೆ ಓದಿಕೊಳ್ಳಿ. ಕೆಲಸದ ವೇಳೆಯಲ್ಲಿ ಅಥವಾ ಕಂಪನಿಯ ಯಂತ್ರದಲ್ಲಿ ಮಾಡಿದ್ದು ಕಂಪನಿಯ ಸ್ವತ್ತು ಎಂಬ ಷರತ್ತು ಅನೇಕ ಕರಾರುಗಳಲ್ಲಿ ಇರುತ್ತದೆ.

ಬೇರೆ ಕಸುಬಿನ ಓದುಗರಿಗೂ ಇದೇ ಹಂದರ ಹೊಂದುತ್ತದೆ. ಬೇರೆ ಭಾಷೆಯಲ್ಲಿ ಬರವಣಿಗೆ ಸುಧಾರಿಸಬೇಕೆನ್ನುವವರು ಬೆಂಜಮಿನ್ ಫ್ರಾಂಕ್ಲಿನ್ ಅಣ್ಣನ ಮುದ್ರಣಾಲಯದಲ್ಲಿ ದುಡಿಯುತ್ತಿದ್ದಾಗ ಮಾಡಿದ್ದನ್ನು ಮಾಡಬಹುದು: ಒಳ್ಳೆಯ ಲೇಖನದ ಒಂದೊಂದು ವಾಕ್ಯಕ್ಕೂ ಚಿಕ್ಕ ಸುಳಿವು ಬರೆದುಕೊಂಡು, ಕೆಲವು ದಿನ ಬಿಟ್ಟು, ಸುಳಿವಿನಿಂದಲೇ ಲೇಖನವನ್ನು ಮತ್ತೆ ಕಟ್ಟಿ, ಮೂಲದ ಜೊತೆ ಹೋಲಿಸುವುದು. ನಿಮ್ಮ ಕಚೇರಿಗೆ ಬರುವ ಚೆಂದದ ಇಮೇಲ್‌ಗಳೇ ಇದಕ್ಕೆ ಸಾಕು. ಮೈಕೆಲ್ ಫ್ಯಾರಡೆ ಪುಸ್ತಕ ಕಟ್ಟುವ ಕಸುಬು ಕಲಿಯುವಾಗ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿದ. 1812ರಲ್ಲಿ ರಸಾಯನವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿಯನ್ನು ವಿಸ್ತರಿಸಿ ಬರೆದು, ಹೊಲಿದು ಕಟ್ಟಿ ಡೇವಿಗೇ ಕಳಿಸಿದ. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವನಿಗೆ ಕೆಲಸ ಸಿಕ್ಕಿತು. ಕೈಗೆ ಹೇಗೂ ಬರುವ ವಸ್ತುವಿನಿಂದ ಕಲಿತು, ಕೈಗೆ ಬರುವ ಕಸುಬಿನಿಂದಲೇ ಅದನ್ನು ತೋರಿಸಿದ.

ಕೆಲಸ ಮೈಮೇಲೆ ಬಂದ ವಾರಗಳಲ್ಲಿ

ವರ್ಷಾಂತ್ಯದ ಲೆಕ್ಕ ಬಂದಾಗ ಈ ಯಾವುದೂ ನಡೆಯುವುದಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡು ಒಂದು ಕನಿಷ್ಠ ಇಟ್ಟುಕೊಳ್ಳಿ: ಹೊಸ ಕಾರ್ಡು ಸೊನ್ನೆ, ಹಳೆಯವು 5 ನಿಮಿಷ. ಅದೂ ತಪ್ಪಿದರೆ ಬಾಕಿ ಕಾರ್ಡುಗಳನ್ನು ಒಟ್ಟಿಗೆ ತೀರಿಸಲು ಹೋಗದೆ ದಿನಕ್ಕೆ 20ರಂತೆ ನೋಡಿ. ತಪ್ಪಿದ ದಿನಗಳನ್ನು ಬಡ್ಡಿ ಸಮೇತ ತೀರಿಸುವ ಹಟವೇ ಹೆಚ್ಚಿನವರನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ಮೂರು ವಾರವಾದರೂ ಕೈಗೆ ಏನೂ ಹತ್ತದಿದ್ದರೆ ಕಾರಣ ಬಹುತೇಕ ಒಂದೇ, ಲೆಕ್ಕ ತೀರಾ ದೊಡ್ಡದು. ‘ಪೂರ್ತಿ ವರದಿಯನ್ನು ತಾನಾಗಿ ತಯಾರಾಗುವಂತೆ ಮಾಡುವುದು’ ಬಿಟ್ಟು ‘ಬಾಕಿ ಇರುವ ಒಂದು ಬಿಲ್ ಹುಡುಕುವುದು’ ಎಂದು ಚಿಕ್ಕದು ಮಾಡಿ.

ನಾನು ಕಣ್ಣಿನಿಂದ ಕಲಿಯುವವನು, ಕಿವಿಯಿಂದ ಕಲಿಯುವವಳು ಎಂಬ ವಿಂಗಡಣೆಗೆ ತಲೆ ಕೆಡಿಸಿಕೊಳ್ಳಬೇಡಿ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ಇದ್ದಬದ್ದ ಅಧ್ಯಯನಗಳನ್ನು ಜಾಲಾಡಿ, ಆ ವಿಂಗಡಣೆಯ ಪ್ರಕಾರ ಪಾಠ ಹೇಳಿದರೆ ಹೆಚ್ಚು ಕಲಿಯುತ್ತಾರೆ ಎನ್ನಲು ತಕ್ಕ ಆಧಾರ ಇಲ್ಲ ಎಂದು ಹೇಳಿದ್ದಾರೆ.

ಇನ್ನು ಆ ಮೂರು ಕೋರ್ಸ್. ಮುಗಿಸಬೇಕಾಗಿಲ್ಲ. ಮೂರರ ಪರಿವಿಡಿಯನ್ನೂ ಒಂದು ಹಾಳೆಗೆ ಇಳಿಸಿಕೊಳ್ಳಿ: ಗ್ರೂಪ್ ಬೈ ಯಾವುದರ ಎಷ್ಟನೇ ಪಾಠ, ಜಾಯಿನ್ ಎಷ್ಟನೆಯದು, ದಿನಾಂಕದ ಲೆಕ್ಕ ಎಷ್ಟನೆಯದು ಎಂದು. ಲೆಕ್ಕ ಸಿಕ್ಕಿಬಿದ್ದ ದಿನ ಆ ಹಾಳೆ ನೋಡಿ, ಆ ಒಂದೇ ಪಾಠ ತೆರೆಯಿರಿ. ಮೊದಲ ಪಾಠದಿಂದ ಮತ್ತೆ ಶುರು ಮಾಡುವ ಆಸೆ ಬರುತ್ತದೆ, ಅದಕ್ಕೆ ಮಣಿಯಬೇಡಿ. ಯಾವ ಕೋರ್ಸಿಗಾದರೂ ಆರು ತಿಂಗಳು ಒಮ್ಮೆಯೂ ಹೋಗದಿದ್ದರೆ ಹಾಳೆಯಿಂದ ಹೊಡೆದುಹಾಕಿ.